ತರಕಾರಿ ಗಾಡಿಯ ಸ್ವರಶುದ್ಧಿ

ತಮ್ಮ ಸ್ವರ ಚೆನ್ನಾಗಿದೆ ಎಂಬ ಗುಟ್ಟಾದ ನಂಬಿಕೆಯೊಂದು ಎಲ್ಲರಿಗೂ ಇರುತ್ತದೆ. ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ, ಅಷ್ಟೇ. ತಮ್ಮ ಮೂಗಿನ ಬಗ್ಗೆ, ಹಲ್ಲಿನ ಬಗ್ಗೆ, ಉದುರುವ ಕೂದಲಿನ ಬಗ್ಗೆ ದಿನವೂ ಚಿಂತೆ ಮಾಡುವವರು ಕೂಡ ಸ್ವರದ ವಿಷಯಕ್ಕೆ ಬಂದರೆ ನಿಶ್ಚಿಂತರು. ಮುಖವನ್ನು ತೋರಿಸಲು ಮನೆಯಲ್ಲಿ ಕನ್ನಡಿಯಿದೆ. ಸ್ವರವನ್ನು ತೋರಿಸುವ ಸಾಮಾನು ಬಹಳ ಕಾಲ ಯಾರ ಮನೆಯಲ್ಲೂ ಇರಲಿಲ್ಲ. ನಾನಂತೂ ಮಕ್ಕಳಿಗೆ ಪಾಠ ಹೇಳುವವಳು. ವರ್ಷಗಟ್ಟಲೆ ಕೊನೆಯ ಬೆಂಚಿನವರೆಗೆ ಮುಟ್ಟುವಂತೆ ಮಾತಾಡಿದವಳಿಗೆ ತನ್ನ ಸ್ವರ ಹೇಗಿದೆಯೆಂದು ಯಾರನ್ನಾದರೂ ಕೇಳಬೇಕೆಂದು ಅನಿಸುವುದಾದರೂ ಹೇಗೆ? ಆದ್ದರಿಂದ ನನ್ನ ಸ್ವರ ಮೂರು ತಾಲೂಕುಗಳ ಕೇರಿಕೇರಿಗಳಲ್ಲಿ ತಿರುಗಾಡಿ ಬಂದ ಮೇಲೆ ನನಗಾದ ಜ್ಞಾನೋದಯವನ್ನು ನಿಮ್ಮೊಡನೆ ಹೇಳಿಕೊಳ್ಳದೆ ಇರಲಾರೆ.

ಇದಕ್ಕೆಲ್ಲ ಮೂಲ ನನ್ನ ಕುತೂಹಲ. ಮನೆಯಲ್ಲಿ ಏನಾದರೂ ಸದ್ದು ಮಾಡಿದರೆ ಅದು ಎಲ್ಲಿಂದ ಬಂತೆಂದು ತಿಳಿಯದೆ ನನಗೆ ಊಟ ರುಚಿಸುವುದಿಲ್ಲ. ಒಮ್ಮೆ ಫ್ಯಾನು ಕಟಕಟ ಎನ್ನುತ್ತದೆಂದು ಸ್ಟೂಲು ಹತ್ತಿ, ಎಲ್ಲವನ್ನೂ ಬಿಚ್ಚಿ, ಕೊನೆಗೆ ಸದ್ದು ಮಾಡುತ್ತಿದ್ದದ್ದು ಗೋಡೆಯ ಕ್ಯಾಲೆಂಡರ್ ಎಂದು ಕಂಡುಹಿಡಿದಿದ್ದೆ. ಬಿಚ್ಚಿದ ಫ್ಯಾನನ್ನು ಮತ್ತೆ ಕೂಡಿಸಲು ಬೇರೆಯವರನ್ನು ಕರೆಯಬೇಕಾಯಿತು, ಅದು ಬೇರೆ ಮಾತು. ನಾನು ಕಲಿಸುವುದು ವಿಜ್ಞಾನ. ಎಂಟನೆಯ ತರಗತಿಗೆ ಶಬ್ದದ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಕಂಪನ, ಆವೃತ್ತಿ, ಅಲೆಯ ಎತ್ತರ ಹೇಳುವ ಪಾರ ಎಂದು ಬೋರ್ಡಿನ ಮೇಲೆ ಅಲೆ ಅಲೆಯಾಗಿ ಬರೆದಿದ್ದೇನೆ. ಆದರೆ ನಿಜವಾದ ಶಬ್ದವೊಂದು ಪೆಟ್ಟಿಗೆಯ ರೂಪದಲ್ಲಿ ಮನೆಗೆ ಬಂದಾಗ, ಆ ಅಲೆಗಳಲ್ಲಿ ಒಂದೂ ನನ್ನ ಸಹಾಯಕ್ಕೆ ಬರಲಿಲ್ಲ.

ನಮ್ಮ ಮನೆಯವರಿಗೆ ಹೊನ್ನಾವರದಲ್ಲಿ ಒಂದು ಅಂಗಡಿಯಿತ್ತು. ಮೊದಲು ಅದು ಫೋನ್ ಮಾಡುವ ಅಂಗಡಿ, ಆಮೇಲೆ ಜೆರಾಕ್ಸ್ ಅಂಗಡಿ, ಕೊನೆಗೆ ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿ. ಕಾಲ ಬದಲಾದ ಹಾಗೆಲ್ಲ ಅಂಗಡಿಯ ಬೋರ್ಡನ್ನೂ ಬದಲಿಸುತ್ತಿದ್ದರು. ಜನ ಎಲ್ಲವನ್ನೂ ತಮ್ಮ ಕೈಯಲ್ಲಿದ್ದ ಫೋನಿನಲ್ಲೇ ಮಾಡಿಕೊಳ್ಳತೊಡಗಿದ ಮೇಲೆ ಬೋರ್ಡಿನ ಮೇಲೆ ಬರೆಯಲು ಏನೂ ಉಳಿಯಲಿಲ್ಲ. ಇನ್ನು ಜನ ಅಂಗಡಿಗೆ ಬರುವುದಿಲ್ಲ, ಅಂಗಡಿಯೇ ಜನರ ಹತ್ತಿರ ಹೋಗಬೇಕು ಎಂದು ಹೇಳಿ ಅವರು ಒಂದು ಹಳೆಯ ಓಮ್ನಿ ತಂದರು. ಘಟ್ಟದ ಮೇಲಿನಿಂದ ಬರುವ ತರಕಾರಿಯನ್ನು ಬೆಳಗ್ಗೆ ತುಂಬಿಕೊಂಡು, ನಮ್ಮ ಶಿರಾಲಿಯ ಸುತ್ತಮುತ್ತ ಬೆಳೆಯುವ ಬಸಳೆ, ಹರಿವೆಗಳನ್ನೂ ಸೇರಿಸಿಕೊಂಡು, ಒಂದು ದಿನ ಭಟ್ಕಳ ದಾಟಿ ಬೆಳಕೆಯ ಕಡೆಗೆ, ಒಂದು ದಿನ ಹೊನ್ನಾವರದ ಆಚೆ ಈಚೆ, ಇನ್ನೊಂದು ದಿನ ಕುಮಟೆಯಿಂದ ಸಂತೆಗುಳಿಯವರೆಗೆ ಹೋಗಿ ಮಾರುವುದು ಅವರ ಹೊಸ ಉದ್ಯೋಗವಾಯಿತು.

ಓಮ್ನಿಯ ಜೊತೆಗೆ ಒಂದು ಕಪ್ಪು ಪೆಟ್ಟಿಗೆಯೂ ಬಂದಿತ್ತು. ಊದಿನಕಡ್ಡಿಯ ದೊಡ್ಡ ಡಬ್ಬದಷ್ಟಿತ್ತು. ಸುರುಳಿ ವಯರಿನ ಒಂದು ಮೈಕು, ಪೆನ್ ಡ್ರೈವ್ ಸಿಕ್ಕಿಸುವ ಒಂದು ಕಿಂಡಿ, ನಾಲ್ಕಾರು ಗುಂಡಿಗಳು. ಗಾಡಿಯ ನೆತ್ತಿಯ ಮೇಲೆ ಮಲ್ಲಿಗೆ ಮೊಗ್ಗು ಅರಳಿದಂತೆ ಒಂದು ಸಣ್ಣ ಬೂದು ಬಣ್ಣದ ಹಾರ್ನು. ಅತಿ ಅಗ್ಗದ ಸಾಮಾನು. ಅದರ ಒಂದು ಗುಂಡಿ ಒತ್ತಿದರೆ ಆಂಬುಲೆನ್ಸು ಕೂಗುತ್ತಿತ್ತು, ಇನ್ನೊಂದನ್ನು ಒತ್ತಿದರೆ ಬೆಂಕಿ ಆರಿಸುವ ಗಾಡಿ, ಮತ್ತೊಂದಕ್ಕೆ ಏನೆಂದು ಯಾರಿಗೂ ಗೊತ್ತಾಗದ ಒಂದು ವಿಲಾಪ. ತಮಾಷೆಯೆಂದರೆ, ಸೈರನ್ನುಗಳು ಅಚ್ಚುಕಟ್ಟಾಗಿ ಕೇಳಿಸುತ್ತಿದ್ದವು. ಮನುಷ್ಯನ ಮಾತು ಮಾತ್ರ ಕೊಡಪಾನದೊಳಗೆ ಮುಖ ಹಾಕಿ ಮಾತಾಡಿದ ಹಾಗಿರುತ್ತಿತ್ತು. ಇವರು ಮೈಕು ಹಿಡಿದು "ತರಕಾರಿ" ಎಂದರೆ ಹೊರಗೆ ಬರುತ್ತಿದ್ದದ್ದು "ಗ್ರಗಾಗಿ" ಎಂಬ ಏನೋ ಒಂದು. ಹಾಗಾಗಿ ಇವರು ಮಾತಾಡುವುದನ್ನೇ ಬಿಟ್ಟು, ಕೇರಿಯ ಬಾಯಿಗೆ ಬಂದಾಗ ಆಂಬುಲೆನ್ಸಿನ ಗುಂಡಿಯನ್ನು ಒಮ್ಮೆ ಒತ್ತತೊಡಗಿದರು. ಜನ ಅಡುಗೆಮನೆಯಿಂದ ಸವಟು ಹಿಡಿದುಕೊಂಡೇ ಓಡಿ ಬರುತ್ತಿದ್ದರು. ಯಾರ ಮನೆ, ಯಾರಿಗೆ ಏನಾಯಿತು ಎಂದು ಗಾಬರಿಯಾಗಿ ಬಂದವರು, ಯಾರಿಗೂ ಏನೂ ಆಗಿಲ್ಲವೆಂದು ತಿಳಿದ ಸಮಾಧಾನಕ್ಕೆ ಒಂದು ಕಟ್ಟು ಹರಿವೆ ತೆಗೆದುಕೊಂಡು ಹೋಗುತ್ತಿದ್ದರು. ಇದನ್ನು ಇವರು ನನಗೆ ಹೇಳಿರಲಿಲ್ಲ. ವ್ಯಾಪಾರದ ಗುಟ್ಟು ಎಂದುಕೊಂಡಿದ್ದರಂತೆ.

ಗುಟ್ಟು ರಟ್ಟಾದದ್ದು ಹೆದ್ದಾರಿಯಲ್ಲಿ. ಹೊನ್ನಾವರದ ಹತ್ತಿರ ಮುಂದೆ ಒಂದು ಟ್ಯಾಂಕರು ಅಡ್ಡಾಡುತ್ತ ಹೋಗುತ್ತಿತ್ತು. ಇವರ ಬೆರಳು ಅಭ್ಯಾಸಬಲದಿಂದ ಗುಂಡಿಯ ಮೇಲೆ ಹೋಯಿತು. ಟ್ಯಾಂಕರು ಬದಿಗೆ ಸರಿಯಿತು, ಅದರ ಮುಂದಿನ ಬಸ್ಸು ಸರಿಯಿತು, ಅದರ ಮುಂದಿನ ಕಾರುಗಳೆಲ್ಲ ಸಾಲಾಗಿ ಸರಿದು ನಿಂತವು. ಬಸ್ಸಿನಲ್ಲಿದ್ದ ಒಬ್ಬ ಅಜ್ಜಿ ಕಿಟಕಿಯಿಂದ ಕೈಮುಗಿದದ್ದನ್ನು ಇವರು ಕಣ್ಣಾರೆ ಕಂಡರಂತೆ. ಹೀಗೆ ರಾಜಮರ್ಯಾದೆಯಿಂದ ಹೋಗುತ್ತಿರುವಾಗ ಪೊಲೀಸ್ ಜೀಪೊಂದು ಬೆನ್ನು ಹತ್ತಿ, ಸಹಾಯ ಮಾಡುವ ಸದುದ್ದೇಶದಿಂದಲೇ, ಪಕ್ಕಕ್ಕೆ ಬಂದು ಪೇಷಂಟು ಯಾರು, ಯಾವ ಆಸ್ಪತ್ರೆಗೆ ಎಂದು ಕೇಳಿತು. ಹಿಂದೆ ಮಲಗಿದ್ದವು ಎಲೆಕೋಸುಗಳು. ಖಾಸಗಿ ಗಾಡಿಗೆ ಸೈರನ್ ಹಾಕುವುದು ತಪ್ಪು ಎಂದು ಪೊಲೀಸಿನವರು ತಿಳಿಸಿ ಹೇಳಿದರು. ಸೈರನ್ನಿನ ವಯರನ್ನು ಇವರ ಕೈಯಿಂದಲೇ ಕತ್ತರಿಸಿ ತೆಗೆಸಿದರು. ಮಾತಾಡಲು ಮೈಕು ಇಟ್ಟುಕೊಳ್ಳಿ, ಅದನ್ನೂ ಮೆಲ್ಲಗೆ ಇಡಿ ಎಂದು ಹೇಳಿ ಬಿಟ್ಟರು. ಮನೆಗೆ ಬಂದ ಇವರ ಮುಖ ಆ ದಿನ ಎಲೆಕೋಸಿಗಿಂತಲೂ ಬಿಳಿಯಾಗಿತ್ತು.

ಈಗ ಉಳಿದದ್ದು ಮಾತೊಂದೇ. ಇವರು ಮತ್ತೆ ಮೈಕು ಹಿಡಿದರು. ದಿನವೂ ಸಂಜೆ ಬಂದು ಹೇಳುತ್ತಿದ್ದ ಸುದ್ದಿಗಳು ಕೇಳುವವರಿಗೆ ತಮಾಷೆ, ಹೇಳುವವರಿಗೆ ಅಲ್ಲ. ಶಿರಾಲಿಯ ಒಂದು ಕೇರಿಯಲ್ಲಿ ಹಳೆ ಕಬ್ಬಿಣದವನು ಬಂದನೆಂದು ತಿಳಿದು ತುಕ್ಕು ಹಿಡಿದ ಬಕೆಟ್ಟು, ಮುರಿದ ಸೈಕಲ್ಲಿನ ಚಕ್ರಗಳನ್ನು ತಂದು ಗಾಡಿಯ ಮುಂದೆ ಒಟ್ಟಿದರಂತೆ. ಇನ್ನೊಂದು ಕಡೆ, ನಾಳೆ ಕರೆಂಟು ಇಲ್ಲವೆಂದು ಸಾರುತ್ತಿದ್ದಾರೆ ಎಂದುಕೊಂಡು ಎಲ್ಲರೂ ಟ್ಯಾಂಕಿಗೆ ನೀರು ಏರಿಸಿಕೊಂಡರಂತೆ. ಸಂತೆಗುಳಿಯಲ್ಲಿ ಒಬ್ಬರು ರಸ್ತೆಯವರೆಗೂ ಬಂದು, ಯಾವ ಪಕ್ಷದವರು ನೀವು ಎಂದು ವಿಚಾರಿಸಿದರಂತೆ. ಆ ದಿನ ಇವರು ಚಹ ಕುಡಿಯುವಾಗ ಲೋಟವನ್ನು ನೋಡುತ್ತ, "ಇಷ್ಟ್ ವರ್ಷ ಅಂಗಡಿಯಲ್ಲಿ ಕೂತು ಮಾತಾಡ್ದೆ, ಯಾರೂ 'ಎಂತ' ಹೇಳಿ ಕೇಳಿರ್ಲಿಲ್ಲ. ಈಗ ದಿನ ಬೆಳಗಾದ್ರೆ ಅದೊಂದೇ ಕೇಳೂದು" ಎಂದರು. ಅಂಗಡಿ ಮುಚ್ಚಿದ ದಿನವೂ ಅವರು ಇಷ್ಟು ಮೆಲ್ಲಗೆ ಮಾತಾಡಿರಲಿಲ್ಲ. ಇದನ್ನು ನಾನು ಸರಿ ಮಾಡಿಯೇ ಬಿಡುತ್ತೇನೆ ಎಂದು ಮನಸ್ಸಿನಲ್ಲಿ ನಿಶ್ಚಯಿಸಿದೆ. ವ್ಯಾಪಾರ ಹೇಗಿದೆಯೆಂದು ಆಗ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಮೊದಲಿಗೆ ಕುಮಟೆಯ ಮೈಕ್‌ಸೆಟ್ಟಿನ ಮಾಬ್ಲಣ್ಣನ ಹತ್ತಿರ ಹೋದೆವು. ಮದುವೆ, ಮುಂಜಿ, ಸಭೆ ಎಲ್ಲದಕ್ಕೂ ಅವನದೇ ಮೈಕು. ಪೆಟ್ಟಿಗೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ ಅವನು, ಇದಕ್ಕೆ ಶಕ್ತಿ ಸಾಲದು, ದೊಡ್ಡ ಹಾರ್ನು ಹಾಕಿದರೆ ಎಲ್ಲ ಸರಿಯಾಗುತ್ತದೆ ಎಂದು, ತನ್ನ ಹಳೆಯ ಹಾರ್ನೊಂದನ್ನೂ ಇನ್ನೊಂದು ಪೆಟ್ಟಿಗೆಯನ್ನೂ ನೋಡಲು ಕೊಟ್ಟು ಕಳಿಸಿದ. ಹಾರ್ನು ಗಾಡಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಸದ್ದಂತೂ ಜೋರಾಯಿತು. ಮೊದಲು ಒಂದು ಕೇರಿಗೆ ಅರ್ಥವಾಗದೆ ಇದ್ದದ್ದು ಈಗ ನಾಲ್ಕು ಕೇರಿಗೆ ಅರ್ಥವಾಗಲಿಲ್ಲ. ತೆಂಗಿನ ಮರದ ಕಾಗೆಗಳು ಎದ್ದವು, ನಾಯಿಗಳು ಗಾಡಿಯ ಮುಂದೆ ನಡೆದು ದಾರಿ ತೋರಿಸಿದವು. ಹೊಳೆಯಾಚೆಯವರೊಬ್ಬರು ಮಾರನೆಯ ದಿನ ಸಿಕ್ಕಿ, ನಿನ್ನೆ ನಿಮ್ಮ ಕಡೆ ಯಾರದೋ ಜಗಳ ನಡೆಯುತ್ತಿತ್ತಲ್ಲ, ಮುಗಿಯಿತೇ ಎಂದು ಕೇಳಿದರಂತೆ. ಹಾರ್ನನ್ನೂ ಪೆಟ್ಟಿಗೆಯನ್ನೂ ಹಿಂದೆ ಕೊಟ್ಟು ಬಂದೆವು. ಮಾಬ್ಲಣ್ಣನಿಗೆ ಸ್ವಲ್ಪ ಬೇಸರವಾಯಿತು. ಇನ್ನೂ ದೊಡ್ಡದು ಬೇಕಿತ್ತು ನಿಮಗೆ ಎಂದ.

ಆ ಭಾನುವಾರ ನಾನು ಸೆರಗು ಕಟ್ಟಿ ಓಮ್ನಿಯ ಹತ್ತಿರ ಹೋದೆ. ಇಂಜಿನ್ ಚಾಲೂ ಮಾಡಿಸಿ, ಮೈಕಿನಲ್ಲಿ ಯಾರೂ ಮಾತಾಡದೆ ಸುಮ್ಮನೆ ಕೇಳಿಸಿಕೊಂಡೆ. ಹಾರ್ನಿನಿಂದ ಒಂದು ಕುಂಯ್ ಎಂಬ ಸದ್ದು ಬರುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಅದು ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಎಂದರೆ ಇಂಜಿನ್ನಿನ ಸದ್ದೇ ವಯರಿನಲ್ಲಿ ಹತ್ತಿ ಬಂದು ಹಾರ್ನಿನಲ್ಲಿ ಕೂತಿದೆ. ನನಗಾದ ಆನಂದವನ್ನು ಏನು ಹೇಳಲಿ. ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಯನ್ನು ಕಿವಿಯಿಂದಲೇ ಕಂಡುಹಿಡಿದಿದ್ದೆ. ಪೆಟ್ಟಿಗೆಯ ವಯರನ್ನು ರೇಡಿಯೋದ ವಯರಿಗೆ ಗಂಟು ಹಾಕಿದ್ದರು. ಅದನ್ನು ಬಿಡಿಸಿ, ದಪ್ಪ ವಯರನ್ನು ನೇರ ಬ್ಯಾಟರಿಯಿಂದ ಎಳೆಸಿದೆವು. ನಡುವೆ ಒಂದು ಫ್ಯೂಸನ್ನೂ ಹಾಕಿಸಿದೆ. ಕುಂಯ್ ನಿಂತಿತು. ಆಮೇಲೆ ಹಾರ್ನನ್ನು ಕೆಳಗಿಳಿಸಿ ಒಳಗೆ ಟಾರ್ಚು ಬಿಟ್ಟರೆ, ಅದರ ಗಂಟಲಿನಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿ, ಸಂಸಾರ ಮುಗಿಸಿಕೊಂಡು ಹೋಗಿತ್ತು. ಇಷ್ಟು ದಿನ ನಮ್ಮ ಮನೆಯವರು ಕಣಜದ ಮನೆಯ ಗೋಡೆಯ ಮೂಲಕ ಮಾತಾಡುತ್ತಿದ್ದರು. ಗೂಡು ಕಿತ್ತ ಮೇಲೆ ಹಿಂದಿನ ತೆಳುವಾದ ಪೊರೆಯೂ ಹರಿದದ್ದು ಕಂಡಿತು. ಪೊರೆ ಇರುವ ಆ ಭಾಗವೊಂದನ್ನೇ ಹೊಸದಾಗಿ ತಂದು ಕೂಡಿಸಿದೆವು. ಹಾರ್ನು ಕ್ಯಾರಿಯರಿಗೆ ತಗುಲಿ ಗಿರಗಿರ ಎನ್ನದ ಹಾಗೆ ಅದರ ಅಡಿಗೆ ಸೈಕಲ್ ಟ್ಯೂಬಿನ ತುಂಡು ಕೊಟ್ಟೆ. ರಸ್ತೆಗೆ ಮುಖ ಮಾಡಿದ್ದ ಅದನ್ನು ಮನೆಗಳ ಕಡೆಗೆ ತಿರುಗಿಸಿದೆ. ಕೊನೆಯದಾಗಿ, ಪೂರ್ತಿ ತಿರುಗಿಸಿಟ್ಟಿದ್ದ ಸದ್ದಿನ ಗುಂಡಿಯನ್ನು ಅರ್ಧಕ್ಕೆ ಇಳಿಸಿದೆ. ಸದ್ದು ಕಡಿಮೆಯಾದ ಕೂಡಲೇ ಮಾತು ಕೇಳಿಸತೊಡಗಿತು. ಇದು ನನಗೆ ತರಗತಿಯಲ್ಲಿ ಯಾಕೆ ಹೊಳೆದಿರಲಿಲ್ಲವೋ ತಿಳಿಯದು.

ಇನ್ನು ಉಳಿದದ್ದು ಮೈಕು ಹಿಡಿಯುವವರ ಸಮಸ್ಯೆ. ಇವರ ಸ್ವರ ದಪ್ಪ. ಆ ಸಣ್ಣ ಹಾರ್ನಿಗೆ ದಪ್ಪ ಸ್ವರ ನುಂಗಲು ಬರುವುದಿಲ್ಲ, ತೆಳುವಾದ ಸ್ವರ ಸಲೀಸಾಗಿ ಹೋಗುತ್ತದೆ ಎಂದು ಪ್ರಯೋಗದಿಂದ ತಿಳಿಯಿತು. ಅಲ್ಲದೆ ಇವರು ಮೈಕನ್ನು ಕಬ್ಬಿನ ತುಂಡಿನ ಹಾಗೆ ಬಾಯಿಗಿಟ್ಟು ಮಾತಾಡುತ್ತಿದ್ದರು. ಎಷ್ಟು ಹೇಳಿದರೂ ಕೈ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಹಾಗಾದರೆ ನಾನೇ ಫೋನಿನಲ್ಲಿ ಒಮ್ಮೆ ಹೇಳಿ ರೆಕಾರ್ಡ್ ಮಾಡಿಕೊಡುತ್ತೇನೆ, ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಎಂದೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಹಜಾರದಲ್ಲಿ ಮಾತಾಡಿದರೆ ಗೋಡೆ ಮರುಮಾತು ಹೇಳುತ್ತಿತ್ತು. ಜಗಲಿಗೆ ಬಂದರೆ ಹೆದ್ದಾರಿಯ ಲಾರಿಗಳು. ಹಿತ್ತಲಿಗೆ ಹೋದರೆ ಪಕ್ಕದ ಮನೆಯ ಕೋಳಿ ನಾನು ಬಾಯಿ ತೆರೆಯುವುದನ್ನೇ ಕಾಯುತ್ತಿತ್ತು. ಕೊನೆಗೆ ಗೋದ್ರೇಜ್ ಕಪಾಟಿನ ಬಾಗಿಲು ತೆರೆದು, ತೂಗುಹಾಕಿದ ಸೀರೆಗಳ ನಡುವೆ ತಲೆ ತೂರಿಸಿ ಮಾತಾಡಿದೆ. ಅಲ್ಲಿ ನನ್ನ ಸ್ವರ ಬೆಣ್ಣೆಯ ಹಾಗೆ ಬಂತು. ಮದುವೆಯ ಸೀರೆ ಅದಕ್ಕಿಂತ ದೊಡ್ಡ ಉಪಯೋಗಕ್ಕೆ ಹಿಂದೆಂದೂ ಬಂದಿರಲಿಲ್ಲ. ಇವರು ಹೊರಗೆ ನಿಂತು ಕೇಳಿ, "ಪಾಠ ಹೇಳ್ದ ಹಾಂಗೆ ಹೇಳಬೇಡ ಮಾರಾಯ್ತಿ, ಕರೆದ ಹಾಂಗೆ ಹೇಳು" ಎಂದರು. ನಾನು ಕರೆದ ಹಾಗೆಯೇ ಹೇಳಿದೆ. ತರಕಾರಿ ಒಂದೊಂದರ ಹೆಸರು, ಅದರ ದರ, ಯಾವುದು ಎಳೆಯದು, ಯಾವುದು ಇವತ್ತೇ ಕಿತ್ತದ್ದು, ಎಲ್ಲವನ್ನೂ ಬಿಡಿಬಿಡಿಯಾಗಿ, ಒತ್ತಕ್ಷರ ಮಹಾಪ್ರಾಣ ಒಂದೂ ಕೆಡದ ಹಾಗೆ. ದಿನವೂ ಬೆಳಗ್ಗೆ ಅಂದಂದಿನ ದರಕ್ಕೆ ತಕ್ಕ ಹಾಗೆ ಹೊಸದಾಗಿ ಸೀರೆಗಳ ನಡುವೆ ನಿಂತು ಹೇಳಿ ಕೊಟ್ಟು, ಆಮೇಲೆ ಶಾಲೆಗೆ ಹೋಗುತ್ತಿದ್ದೆ.

ಅದು ನನ್ನ ಸ್ವರವೆಂದು ಯಾರಿಗೂ ಗೊತ್ತಾಗಲಾರದು ಎಂದು ನಾನು ಅಂದುಕೊಂಡಿದ್ದೆ. ಕಳಪೆ ಪೆಟ್ಟಿಗೆಯಲ್ಲಿ ಎಲ್ಲರ ಸ್ವರವೂ ಒಂದೇ. ಆದರೆ ಅದನ್ನು ಕಳಪೆಯಾಗಿ ಉಳಿಯಗೊಡದವಳು ನಾನೇ ಅಲ್ಲವೇ? ಒಂದು ದಿನ ಎಂಟನೆಯ ತರಗತಿಯಲ್ಲಿ ಅದೇ ಪಾಠ ನಡೆದಿತ್ತು. ವಸ್ತು ಕಂಪಿಸಿದಾಗ ಶಬ್ದ ಹುಟ್ಟುತ್ತದೆ, ಶಬ್ದ ಗಾಳಿಯ ಮೂಲಕ ನಮ್ಮ ಕಿವಿಯನ್ನು ತಲುಪುತ್ತದೆ ಎಂದು ಹೇಳಿ ನಾನು ಬೋರ್ಡಿನ ಕಡೆ ತಿರುಗಿದೆ. ಅಷ್ಟರಲ್ಲಿ ಕಿಟಕಿಯ ಹೊರಗಿನಿಂದ ಅದೇ ಸ್ವರ, ಅದೇ ಏರಿಳಿತದಲ್ಲಿ, "ಎಳೆ ಬೆಂಡೆಕಾಯಿ, ಬಿಳಿ ಬದನೆಕಾಯಿ, ಈಗಷ್ಟೇ ಕಿತ್ತ ಬಸಳೆ" ಎಂದು ಮುಂದುವರಿಸಿತು. ನಾನು ಇತ್ತ ತಿರುಗಿದಾಗ ನನ್ನ ಬಾಯಿ ಮುಚ್ಚಿಯೇ ಇದೆಯೆಂದು ಮಕ್ಕಳು ಖಾತ್ರಿ ಮಾಡಿಕೊಂಡರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಬಹಳ ಗೌರವದಿಂದ, "ಅಕ್ಕೋರೆ, ನೀವು ಹೊರಗೂ ಇದ್ದ್ರಿ" ಎಂದಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರು ಅಕ್ಕೋರು. ಆ ದಿನ ಪಾಠ ಮುಂದಕ್ಕೆ ಹೋಗಲಿಲ್ಲ. ಶಬ್ದದ ಪ್ರಸರಣಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವ ಪ್ರಯೋಗಶಾಲೆಯಲ್ಲೂ ಸಿಗಲಾರದು ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ.

ನಾಚಿಕೆಯಾದರೂ ಒಳಗೊಳಗೆ ಹೆಮ್ಮೆಯಿತ್ತು. ಅಂಥ ಪೆಟ್ಟಿಗೆಯಿಂದ ಅಂಥ ಸ್ವರ ಹೊರಡಿಸಿದ್ದೆ. ಹೆಮ್ಮೆ ಒಂದು ವಾರ ಉಳಿಯಿತು. ಆಮೇಲೆ ನೋಡುತ್ತೇನೆ, ಸಂಜೆ ಓಮ್ನಿ ತುಂಬಿಯೇ ಮನೆಗೆ ಬರುತ್ತಿದೆ. ಮೊದಲೆಲ್ಲ ತಳದಲ್ಲಿ ಒಂದೆರಡು ಬಾಗಿದ ಸೌತೆಕಾಯಿ ಉಳಿದರೆ ಹೆಚ್ಚು. ಈಗ ಹೀರೇಕಾಯಿ, ಬೆಂಡೆಕಾಯಿ, ಹರಿವೆ ಎಲ್ಲ ನಮ್ಮ ಮನೆಗೇ ವಾಪಸು. ಹೀರೇಕಾಯಿ ಪಲ್ಯ, ಹೀರೇಕಾಯಿ ಚಟ್ನಿ, ಅದರ ಸಿಪ್ಪೆಯ ತಂಬುಳಿ ಮಾಡಿದೆ. ಇವರು ಎಲ್ಲವನ್ನೂ ಉಂಡರು. ಸ್ವರ ಚೆನ್ನಾಗಿದೆಯೇ ಎಂದು ಕೇಳಿದರೆ, ಬಹಳ ಚೆನ್ನಾಗಿದೆ, ಎಲ್ಲರೂ ಹೊಗಳುತ್ತಾರೆ ಎನ್ನುತ್ತಿದ್ದರು. ಹೊಗಳಿದವರು ಯಾಕೆ ಕೊಳ್ಳುವುದಿಲ್ಲ? ಇನ್ನೆರಡು ದಿನ ನೋಡುತ್ತೇನೆ, ಹೀಗೇ ಆದರೆ ಗಾಡಿ ಮಾರಿಬಿಡುವುದೇ ಒಳ್ಳೆಯದು ಎಂದು ಒಂದು ದಿನ ಅವರು ಹೇಳಿದರು. ಗಾಡಿ ಮಾರಿದರೆ ಇವರು ಮನೆಯಲ್ಲಿ ಕೂರುತ್ತಾರೆ. ಕೂತರೆ ಅಂಗಡಿ ಮುಚ್ಚಿದ ದಿನಗಳ ಹಾಗೆ ಗೇಟನ್ನೇ ನೋಡುತ್ತ ಕೂರುತ್ತಾರೆ. ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ. ಈ ಭಾನುವಾರ ನಾನೂ ಬರುತ್ತೇನೆ ಎಂದೆ.

ಬೆಳಕೆಗೆ ಹೋದೆವು. ನಾನು ಹಿಂದಿನ ಸೀಟಿನಲ್ಲಿ ಟೊಮೆಟೊ ಕ್ರೇಟುಗಳ ನಡುವೆ ಕೂತಿದ್ದೆ. ಕೇರಿಗೆ ತಿರುಗಿದ ಕೂಡಲೇ ನನ್ನ ಸ್ವರ ಗಾಡಿಯ ನೆತ್ತಿಯಿಂದ ಹೊರಟಿತು. ಏನು ಸ್ಪಷ್ಟತೆ ಅಂತೀರಿ. ಕಡಲಿನ ಗಾಳಿಯ ನಡುವೆಯೂ ಒಂದೊಂದು ಅಕ್ಷರ ಮುತ್ತಿನ ಹಾಗೆ. ಆದರೆ ಯಾವ ಗೇಟೂ ತೆರೆಯಲಿಲ್ಲ. ಒಂದು ಮನೆಯ ಜಗಲಿಯಲ್ಲಿ ದೇವಿಯಕ್ಕ ಎಂಬವರು ಕೂತು ಹೂ ಕಟ್ಟುತ್ತಿದ್ದರು. ಮೊದಲೆಲ್ಲ ಎಲ್ಲರಿಗಿಂತ ಮುಂಚೆ ಓಡಿ ಬರುತ್ತಿದ್ದವರು ಅವರೇ ಎಂದು ಇವರು ಹೇಳಿದ್ದರು. ಈಗ ತಲೆ ಆಡಿಸುತ್ತ, ಹಾಡು ಕೇಳುವ ಹಾಗೆ ನನ್ನ ಸ್ವರವನ್ನು ಕೇಳಿಸಿಕೊಳ್ಳುತ್ತ ಕೂತಲ್ಲೇ ಕೂತಿದ್ದರು. ನಾನು ಇಳಿದು ಗೇಟಿನ ಹತ್ತಿರ ಹೋಗಿ, ಯಾಕೆ ಬರಲಿಲ್ಲ, ಸರಿಯಾಗಿ ಕೇಳಿಸಲಿಲ್ಲವೇ ಎಂದು ವಿಚಾರಿಸಿದೆ.

"ಕೇಳ್ತದೆ ಅಕ್ಕ, ಬಾಳ ಚಂದ ಕೇಳ್ತದೆ" ಎಂದರು ದೇವಿಯಕ್ಕ. "ಬೆಂಡೆಕಾಯಿ ಅದೆ, ಬದನೆ ಅದೆ, ದರ ಇಷ್ಟು, ಎಲ್ಲ ಇಲ್ಲೇ ಗೊತ್ತಾತು. ನಂಗೆ ಇವತ್ತು ಅದ್ಯಾವುದೂ ಬೇಡ. ಮತ್ತೆಂತಕ್ಕೆ ಬರೂದು?"

ಮೊದಲು ಯಾಕೆ ಬರುತ್ತಿದ್ದಿರಿ ಎಂದು ಕೇಳಿದೆ.

"ಮೊದ್ಲು ಎಂತ ಹೇಳ್ತ್ರು ಹೇಳೇ ತಿಳೀತಿರ್ಲಿಲ್ಲ. ಎಂತ ಬಂತು ನೋಡುವ ಹೇಳಿ ಬರೂದು. ಬಂದ ಮೇಲೆ ನಾಲ್ಕು ಜನ ಸಿಗ್ತ್ರು, ಮಾತಾಡ್ತ್ರು. ಖಾಲಿ ಕೈಲಿ ಹೋಗೂಕೆ ಆಗ್ತದಾ? ಎಂತಾದ್ರೂ ಒಂದು ತಕಂಡು ಹೋಗೂದು."

ನಾನು ಅಲ್ಲೇ ಗೇಟು ಹಿಡಿದುಕೊಂಡು ನಿಂತೆ. ಇಂಜಿನ್ನಿನ ಕುಂಯ್ ಶಬ್ದ ಹಿಡಿದೆ, ಕಣಜದ ಗೂಡು ಹಿಡಿದೆ, ಹರಿದ ಪೊರೆ ಹಿಡಿದೆ. ಜನ ಗಾಡಿಯ ಹತ್ತಿರ ಯಾಕೆ ಬರುತ್ತಾರೆ ಎಂಬ ಒಂದು ಪ್ರಶ್ನೆ ನನ್ನ ಕುತೂಹಲಕ್ಕೆ ಹೊಳೆದೇ ಇರಲಿಲ್ಲ. ಅವರಿಗೆ ಬೇಕಾದದ್ದು ಬೆಂಡೆಕಾಯಿಯಲ್ಲ, ಏನಿರಬಹುದು ಎಂದು ಎದ್ದು ಬಂದು ನೋಡುವುದು. ನಮ್ಮ ಮನೆಯವರ ಆ "ಗ್ರಗಾಗಿ" ಇಡೀ ಕೇರಿಯನ್ನು ಮನೆಯಿಂದ ಹೊರಗೆ ತರುತ್ತಿತ್ತು. ನನ್ನ ಮುತ್ತಿನಂಥ ಮಾತು ಎಲ್ಲರನ್ನೂ ಜಗಲಿಯಲ್ಲೇ ಕೂರಿಸಿತ್ತು. ವಾಪಸು ಬರುವಾಗ ಇದನ್ನು ಇವರಿಗೆ ಹೇಳಿದೆ. ಅವರು, ಆ ಕಣಜದ ಗೂಡನ್ನು ಎಲ್ಲಿ ಎಸೆದೆ ಎಂದು ಕೇಳಿದರು.

ಗೂಡನ್ನು ಮರಳಿ ಇಡಲು ನನ್ನ ಮನಸ್ಸು ಒಪ್ಪಲಿಲ್ಲ. ಇಷ್ಟು ಕಷ್ಟಪಟ್ಟು ಶುದ್ಧ ಮಾಡಿದ ಸ್ವರವನ್ನು ನಾನಾಗಿ ಕೆಡಿಸಲಾರೆ. ಸ್ವರ ಸ್ವಚ್ಛವಾಗಿಯೇ ಇರಲಿ, ಮಾತನ್ನು ಕಡಿಮೆ ಮಾಡೋಣ ಎಂದೆ. ಮಾರನೆಯ ಬೆಳಗ್ಗೆ ಸೀರೆಗಳ ನಡುವೆ ನಿಂತು ಹೇಳಲು ಹೊರಟರೆ ಬಾಯಿ ಕೇಳುವುದಿಲ್ಲ. ಮೂವತ್ತು ಮಕ್ಕಳಿಗೆ ಎಲ್ಲವನ್ನೂ ಪೂರ್ತಿ ಬಿಡಿಸಿ ಹೇಳಿ ರೂಢಿಯಾದ ನಾಲಿಗೆಗೆ ಅರ್ಧ ಹೇಳಿ ನಿಲ್ಲಿಸುವುದು ಎಂದರೆ ಉಸಿರು ಕಟ್ಟಿದ ಹಾಗೆ. ತರಕಾರಿ ಬಂದಿದೆ ಎಂದ ಮೇಲೆ ಯಾವ ತರಕಾರಿ ಎಂದು ಹೇಳದೆ ಇರುವುದು ಹೇಗೆ? ಎಷ್ಟೋ ಸಲ ಅಳಿಸಿ, ಮತ್ತೆ ಹೇಳಿ, ಕೊನೆಗೆ ಉಳಿದದ್ದು ಇಷ್ಟು: "ತರಕಾರಿ ಗಾಡಿ ಬಂತು. ಇವತ್ತು ಹೊಸದೊಂದು ತಂದಿದ್ರು. ಬಂದು ನೋಡಿ." ಹೊಸದು ಏನೆಂದು ಇವರು ದಿನವೂ ಚಿಂತಿಸಬೇಕಾಯಿತು. ಒಂದು ದಿನ ಕುಮಟೆಯ ಈರುಳ್ಳಿ ಗೊಂಚಲು, ಒಂದು ದಿನ ಕೆಸುವಿನ ಗಡ್ಡೆ, ಏನೂ ಸಿಗದ ದಿನ ತುಸು ಸೊಟ್ಟಗಿದ್ದ ಒಂದು ಕುಂಬಳಕಾಯಿ. ಅದನ್ನು ನೋಡಲು ಬಂದವರು ನಕ್ಕರು, ಟೊಮೆಟೊ ಕೊಂಡರು. ಓಮ್ನಿ ಮತ್ತೆ ಖಾಲಿಯಾಗಿ ಮನೆಗೆ ಬರತೊಡಗಿತು. ಗಾಡಿ ಮಾರುವ ಮಾತು ನಿಂತಿತು. ಒಂದೇ ತೊಂದರೆಯೆಂದರೆ, ನಾನು ಸಂಜೆ ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, "ಬೆಳಗಿಂದ ನಿನ್ನ ಸ್ವರವೇ ಕೇಳ್ಕಂಡು ಬಂದಿದ್ದೆ, ಸ್ವಲ್ಪ ಹೊತ್ತು ಸುಮ್ನಿರು" ಎನ್ನುತ್ತಿದ್ದರು. ಹಾರ್ನಿಗಾದರೆ ಒಂದು ಗುಂಡಿಯಿದೆ, ನಿನಗೆ ಎಲ್ಲಿದೆ ಎಂದು ಒಮ್ಮೆ ಕೇಳಿಯೂ ಕೇಳಿದರು.

ಇದು ಇಲ್ಲಿಗೆ ಮುಗಿಯಬೇಕಿತ್ತು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಮ್ಮ ಹೆಡ್‌ಮಾಸ್ತರರು ಮನೆಗೆ ಬಂದರು. ಒಂದನೆಯ ತರಗತಿಗೆ ಸೇರುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಹೀಗೇ ಆದರೆ ಶಾಲೆಯ ಗತಿಯೇನು ಎಂಬ ಚಿಂತೆ ಅವರಿಗೆ. ಕೇರಿಕೇರಿಗೆ ಹೋಗಿ ಹೇಳಬೇಕು, ನಿಮ್ಮ ಮನೆಯ ಗಾಡಿಯ ಮೈಕು ಬಹಳ ಚೆನ್ನಾಗಿ ಕೇಳಿಸುತ್ತದಂತಲ್ಲ, ಒಂದು ದಿನ ಕೊಡಬಹುದೇ, ನೀವೇ ಮಾತಾಡಬಹುದೇ ಎಂದು ಕೇಳಿದರು. ನಾನು ಕೂಡಲೇ ಒಪ್ಪಿದೆ. ನನ್ನ ಸ್ವರಕ್ಕೆ ಕೊನೆಗೂ ಅದರ ಯೋಗ್ಯತೆಗೆ ತಕ್ಕ ಕೆಲಸ ಸಿಕ್ಕಿತ್ತು. ಹೆಡ್‌ಮಾಸ್ತರರು ಕರಪತ್ರದ ಕಟ್ಟು ಹಿಡಿದು ಮುಂದಿನ ಸೀಟಿನಲ್ಲಿ, ನಾನು ಹಿಂದೆ ಖಾಲಿ ಕ್ರೇಟಿನ ಮೇಲೆ ಮೈಕು ಹಿಡಿದು, ಇವರು ಗಾಡಿ ಬಿಡುತ್ತ ಹೊರಟೆವು. ನಾನು ಸಮವಸ್ತ್ರ, ಪುಸ್ತಕ, ಬಿಸಿಯೂಟ, ಮೊಟ್ಟೆ, ಆಟದ ಬಯಲು ಎಲ್ಲದರ ಬಗ್ಗೆ ಮನಮುಟ್ಟುವಂತೆ ಹೇಳತೊಡಗಿದೆ. ಗೇಟುಗಳು ಪಟಪಟ ತೆರೆದವು. ಜನ ಗುಂಪುಗುಂಪಾಗಿ ಬಂದರು. ಹೆಡ್‌ಮಾಸ್ತರರ ಕಣ್ಣು ತುಂಬಿ ಬಂತು. ಇಷ್ಟು ಉತ್ಸಾಹವನ್ನು ಅವರು ನಿರೀಕ್ಷಿಸಿರಲಿಲ್ಲ. ಹತ್ತಿರ ಬಂದ ಮೇಲೆ ನೋಡಿದರೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಟ್ಟೆಯ ಚೀಲ.

ಎಲ್ಲರೂ ನೇರವಾಗಿ ಗಾಡಿಯ ಹಿಂಬದಿಗೆ ಬಂದು ಬಗ್ಗಿ ನೋಡಿದರು. ಒಳಗೆ ಇದ್ದದ್ದು ನಾನೊಬ್ಬಳೇ. ಇವತ್ತು ಹೊಸದು ಎಂತ ತಂದದ್ದು ಎಂದು ಯಾರೋ ಕೇಳಿದರು. ಹೆಡ್‌ಮಾಸ್ತರರು ಬಗ್ಗಿದವರ ಚೀಲಕ್ಕೆಲ್ಲ ಒಂದೊಂದು ಕರಪತ್ರ ಹಾಕುತ್ತ ಬಂದರು. ಬಂದದ್ದಾಗಿದೆ, ಇನ್ನು ಕೇಳಿಕೊಂಡೇ ಹೋಗೋಣ ಎಂದು ಜನ ಅಲ್ಲೇ ನಿಂತು ನಮ್ಮ ಮಾತನ್ನು ಕೇಳಿಸಿಕೊಂಡರು. ಮೊಮ್ಮಗಳ ಕೈ ಹಿಡಿದಿದ್ದ ಒಬ್ಬ ಅಜ್ಜಿ ಕೊನೆಗೆ ಹೆಡ್‌ಮಾಸ್ತರರನ್ನು ಕೇಳಿದರು: "ಮಾಸ್ತರೆ, ದಿನಾ ತರಕಾರಿ ಗಾಡಿಲಿ ಮಾತಾಡ್ತ್ರಲ, ಆ ಅಕ್ಕನೂ ನಿಮ್ಮ ಶಾಲೆಲೇ ಕಲಿಸ್ತ್ರಾ?"

ಹೌದು, ಇವರೇ ಎಂದು ಹೆಡ್‌ಮಾಸ್ತರರು ನನ್ನನ್ನು ತೋರಿಸಿದರು. ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದಲ್ಲಿ ಸ್ವಲ್ಪ ನಿರಾಶೆ ಕಂಡಿತು. "ಸ್ವರ ಕೇಳಿ ಇನ್ನೂ ಚಂದ ಇದ್ದ್ರು ಹೇಳಿ ಎಣಿಸಿದ್ದೆ. ಆತು ಬಿಡಿ, ಸುಳ್ಳು ಹೇಳೂ ಜನ ಅಲ್ಲ ಇವ್ರು. ಬಸಳೆ ಹೇಳ್ದ ಹಾಂಗೇ ಇತ್ತು" ಎಂದು ಮೊಮ್ಮಗಳ ಹೆಸರನ್ನು ಅಲ್ಲೇ ಹೇಳಿ ಬರೆಸಿದರು. ಅವರನ್ನು ನೋಡಿ ಇನ್ನೂ ಕೆಲವರು ಬರೆಸಿದರು. ಆ ಕೇರಿಯಲ್ಲಿ ನನ್ನ ವಿದ್ಯೆ, ತರಬೇತಿ, ಇಷ್ಟು ವರ್ಷಗಳ ಅನುಭವ ಯಾವುದೂ ಸಾಕ್ಷಿ ಹೇಳಲು ಬರಲಿಲ್ಲ. ಹೇಳಿದ್ದು ಒಂದು ಕಟ್ಟು ಬಸಳೆ.

ಶಾಲೆ ಆರಂಭವಾದ ದಿನ ಆ ಮೊಮ್ಮಗಳು ಅಂಗಳದಲ್ಲಿ ನನ್ನನ್ನು ಗುರುತು ಹಿಡಿದು, ಜೊತೆಯ ಮಕ್ಕಳಿಗೆಲ್ಲ "ಇವ್ರೇ ತರಕಾರಿ ಅಕ್ಕೋರು" ಎಂದು ಪರಿಚಯ ಮಾಡಿಕೊಟ್ಟಳು. ಹೆಸರು ಒಂದನೆಯ ತರಗತಿಯಿಂದ ಎಂಟನೆಯದಕ್ಕೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಿತು. ಮೊನ್ನೆ ಪಾಲಕರ ಸಭೆಯಲ್ಲಿ ಹೆಡ್‌ಮಾಸ್ತರರು, ವಿಜ್ಞಾನದ ಬಗ್ಗೆ ತರಕಾರಿ ಅಕ್ಕೋರು ಎರಡು ಮಾತು ಹೇಳುತ್ತಾರೆ ಎಂದು ಮೈಕಿನಲ್ಲಿ ಹೇಳಿ, ತಾವು ಏನು ಹೇಳಿದೆವೆಂದು ತಮಗೇ ತಿಳಿಯದೆ ಗಂಭೀರವಾಗಿ ಕೂತರು. ಆ ಹೆಸರಿಗೆ ಓಗೊಡಬಾರದು ಎಂದು ನಾನು ಬಲವಾಗಿ ನಿಶ್ಚಯ ಮಾಡಿಕೊಂಡಿದ್ದೆ. ಆದರೆ ಯಾರೂ ನಗಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ಹೋಗಿ ಮೈಕು ಹಿಡಿದೆ. ಎರಡೇ ಮಾತು ಹೇಳಿ ಮುಗಿಸಬೇಕೆಂದುಕೊಂಡವಳು ಅರ್ಧ ಗಂಟೆ ಮಾತಾಡಿದೆನಂತೆ. ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಕೇಳಿದ ಇವರು ಮನೆಗೆ ಬಂದ ಮೇಲೆ ಹೇಳಿದರು.